ಕಂಬ ಎನಿಸಿಕೊಂಡ ನಮ್ಮ ಭಾವ

ಟೈರ್ ಅಂಗಡಿಯವನ ಬಲಗೈ ಗೆಣ್ಣಿನೊಳಗೆ ಯಾರದೋ ಹಲ್ಲಿನ ಚೂರು ಕೂತಿತ್ತು. ಚಿಮಟ ಹಾಕಿ ಎಳೆದರೆ ಆನೆಯಂಥ ಆ ಗಂಡಸು ಮಗುವಿನ ಹಾಗೆ ಕಿರುಚಿದ. ಗಾಯ ತೊಳೆದು ಪಟ್ಟಿ ಕಟ್ಟುವುದೇ ನರ್ಸಿಂಗ್ ಹೋಮಿನಲ್ಲಿ ನನ್ನ ಕೆಲಸ. ಇಂಥ ಕಿರುಚಾಟಕ್ಕೆಲ್ಲ ನಾನು ಕ್ಯಾರೇ ಎನ್ನುವುದಿಲ್ಲ. ಚೂರನ್ನು ಟ್ರೇಗೆ ಹಾಕಿ ಅವನ ಮೂಗಿನ ಕೆಳಗೆ ಹಿಡಿದೆ.

“ಯಾರ್ದು ಇದು?”

“ಬ್ಯಾಟರಿ ಅಂಗಡಿಯವನ್ದು, ಸಿಸ್ಟರ್. ಕಂಬನಿಗೆ ಬೀಳೋದು ಬಿಟ್ರೆ ಬೇರೆ ಆಟಾನೇ ಬರ್ತಿರ್ಲಿಲ್ಲ ಅಂದ. ಕೈ ತಡೀಲಿಲ್ಲ.”

“ಇಬ್ರಿಗೂ ಅರವತ್ತು ಹತ್ರ ಬಂತು. ನಾಚಿಕೆ ಆಗಲ್ವಾ?”

“ಆಗ್ಬೇಕಾದ್ದು ಅವನಿಗೆ,” ಎಂದ, ಬಲು ಗಂಭೀರವಾಗಿ.

ಕಂಬ ಎಂದರೆ ನಮ್ಮ ಭಾವ, ನನ್ನ ಅಕ್ಕನ ಗಂಡ. ಒಂದು ಕಾಲದಲ್ಲಿ ಸಂಬಳಕ್ಕೆ ಬಾಸ್ಕೆಟ್‌ಬಾಲ್ ಆಡುತ್ತಿದ್ದವರು, ಗಾರ್ಡ್ ಜಾಗದ ಆಟಗಾರ. ಈ ಊರಿನ ಕ್ಲಬ್ಬು ದೊಡ್ಡ ಲೀಗಿನಲ್ಲಿ ಗೆದ್ದಿದ್ದು ಒಂದೇ ಒಂದು ಸಲ, ಆಗ ಭಾವ ತಂಡದಲ್ಲಿದ್ದರು. ಆದರೆ ಆ ತಂಡ ಎಂದರೆ ಜನ ಹೇಳುವುದು ದೂರದಿಂದ ಚೆಂಡು ಎಸೆದು ಬುಟ್ಟಿಗೆ ಹಾಕುತ್ತಿದ್ದ ಚಿನ್ನದ ಕೈಯವನ ಹೆಸರನ್ನು. ಪತ್ರಿಕೆಯಲ್ಲಿ ಗೆದ್ದ ದಿನದ ಫೋಟೋ ಬಂತು. ಅದರ ಮೂಲೆಯಲ್ಲಿ ನೆಲದ ಮೇಲೆ ಮಲಗಿರುವ ಒಂದು ಕಾಲು ಕಾಣಿಸುತ್ತದಲ್ಲ, ಅದೇ ನಮ್ಮ ಭಾವ.

ಅವರು ಮಾಡುತ್ತಿದ್ದ ಕೆಲಸಕ್ಕೆ ಅಂಕ ಇರಲಿಲ್ಲ. ಎದುರು ತಂಡದ ಆಟಗಾರ ಚೆಂಡು ಹಿಡಿದು ನುಗ್ಗಿ ಬರುವಾಗ ಅವನ ದಾರಿಗೆ ಮೊದಲೇ ಹೋಗಿ, ಎರಡೂ ಪಾದ ಊರಿ, ಕೈಯನ್ನು ಎದೆಗೆ ಕಟ್ಟಿಕೊಂಡು ನಿಂತುಬಿಡಬೇಕು. ಅವನು ಬಂದು ಗುದ್ದಿದರೆ ತಪ್ಪು ಅವನದು, ಚೆಂಡು ನಮ್ಮದು. ನಿಂತವನು ಕೊನೇ ಗಳಿಗೆಯಲ್ಲಿ ಹೆದರಿ ಸರಿದರೆ ತಪ್ಪು ನಿಂತವನದೇ. ಭಾವ ಸರಿಯುತ್ತಿರಲಿಲ್ಲ. ಮೂಗು ಒಡೆಯಿತು, ಭುಜದ ಮೂಳೆ ಮುರಿಯಿತು, ಕೆಳಗಿನ ದವಡೆಗೆ ತಂತಿ ಹಾಕಿ ಕಟ್ಟಿದರು. ಅಕ್ಕ ಮದುವೆಯಾದ ಹೊಸದರಲ್ಲಿ ಗಂಡನಿಗೆ ಚಮಚದಲ್ಲಿ ಗಂಜಿ ಕುಡಿಸಿದವಳು. ಒಬ್ಬನ ಮೇಲೂ ಅವರು ಕೈ ಎತ್ತಿದ್ದಿಲ್ಲ. ಬಾಯಿಯ ರಕ್ತವನ್ನು ಕರವಸ್ತ್ರಕ್ಕೆ ಉಗಿದು, ಮಡಚಿ ಚಡ್ಡಿಯ ಸೊಂಟಕ್ಕೆ ಸಿಕ್ಕಿಸಿಕೊಂಡು, ಮತ್ತೆ ಹೋಗಿ ನಿಲ್ಲುತ್ತಿದ್ದರು.

ಅವರು ನಿಂತದ್ದು ಕಂಡ ಕೂಡಲೇ ಅಗ್ಗದ ಟಿಕೆಟ್ಟಿನ ಜನ ಹಲಗೆಯ ಮೆಟ್ಟಿಲುಗಳನ್ನು ಬೂಟಿನಿಂದ ಗುದ್ದುತ್ತಾ “ಕಂಬ! ಕಂಬ!” ಎಂದು ಕೂಗುತ್ತಿದ್ದರಂತೆ. ಅಕ್ಕ ಒಂದು ಪಂದ್ಯಕ್ಕೂ ಹೋಗಲಿಲ್ಲ. ನಾನು ಹೋದದ್ದು ಒಂದೇ ಪಂದ್ಯಕ್ಕೆ, ಆ ಗೆದ್ದ ಪಂದ್ಯಕ್ಕೆ. ಎದುರು ತಂಡದ ಸೆಂಟರ್ ಆಟಗಾರನಿಗೆ ಲಾರಿ ಎಂದು ಅಡ್ಡಹೆಸರು, ಗಾತ್ರಕ್ಕೆ ತಕ್ಕ ಹೆಸರೇ. ಅವನು ನುಗ್ಗಿ ಬಂದ. ಮೊಣಕಾಲು ಭಾವನ ಕೆನ್ನೆಗೆ ಬಡಿಯಿತು, ತಲೆಯ ಹಿಂಭಾಗ ನೆಲಕ್ಕೆ ಬಡಿಯಿತು. ಆ ಸದ್ದು ಮೇಲಿನ ಸಾಲಿನಲ್ಲಿ ಕೂತ ನನಗೂ ಕೇಳಿಸಿತು. ಎಬ್ಬಿಸಿ ನಿಲ್ಲಿಸಿದಾಗ ನಮ್ಮ ಬುಟ್ಟಿ ಯಾವ ಕಡೆ ಎಂದು ಕೇಳಿದರಂತೆ. ಆಮೇಲೂ ಆಡಿಸಿದರು! ಆಮೇಲೂ ಅವನ ಎದುರಿಗೇ ಹೋಗಿ ನಿಂತರು, ಮತ್ತೆ ಬಿದ್ದರು. ಸುತ್ತಲಿನವರು ಸಂತೋಷದಿಂದ ಅಳುತ್ತಿದ್ದರು. ನನಗೆ ಅಲ್ಲಿದ್ದವರನ್ನೆಲ್ಲ ಹಿಡಿದು ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಆಡುವ ಕಾಲ ಮುಗಿದ ಮೇಲೆ ಭಾವ ಗಾಜಿನ ಅಂಗಡಿ ಸೇರಿದರು. ಕಿಟಕಿಯ ಗಾಜು ಅಳೆದು ಕತ್ತರಿಸುವ ಕೆಲಸ, ಒಳ್ಳೆಯ ಕೈ. ತಮಾಷೆಯ ಮನುಷ್ಯ, ನನ್ನನ್ನು “ಏನ್ ಡಾಕ್ಟ್ರೇ, ಇವತ್ತು ಎಷ್ಟು ಜನರನ್ನ ಹೊಲಿದ್ರಿ?” ಎಂದು ಕೇಳದೆ ಮನೆಯೊಳಗೆ ಬಿಡುತ್ತಿರಲಿಲ್ಲ. ಮಕ್ಕಳಾಗಲಿಲ್ಲ, ಅದಕ್ಕೆ ಇಬ್ಬರೂ ಕೊರಗಿದ್ದನ್ನೂ ನಾನು ಕಾಣೆ. ನಿಧಾನವಾಗಿ ಮರೆವು ಶುರುವಾಯಿತು. ಒಂದು ದಿನ ದೊಡ್ಡ ಗಾಜಿನ ಹಾಳೆಯನ್ನು ಮೇಜು ಇಲ್ಲದ ಕಡೆ ಇಟ್ಟರು. ಅದು ಕಾಲಿನ ಮೇಲೆ ಒಡೆಯಿತು. ಚೂರುಗಳ ನಡುವೆ ಬರಿಗಾಲಲ್ಲಿ ನಿಂತು, ರಕ್ತ ಹರಿಯುತ್ತಿದ್ದರೂ ಯಾರು ಒಡೆದದ್ದು ಎಂದು ಕೇಳುತ್ತಿದ್ದರಂತೆ. ಮಾಲೀಕ ಆಟೋದಲ್ಲಿ ಕೂರಿಸಿ ನನ್ನ ಹತ್ತಿರ ಕರೆತಂದ. ಹೊಲಿಗೆ ಹಾಕಿದವಳು ನಾನೇ, ಅವರು ನನ್ನನ್ನು ಯಾರೋ ಎಂಬಂತೆ ನೋಡಿದರು.

ನರಗಳ ಡಾಕ್ಟರು ಅಕ್ಕನನ್ನು ಕೂರಿಸಿಕೊಂಡು ಎರಡು ಮಾತು ಹೇಳಿದರು. ಹಳೇ ಪೆಟ್ಟುಗಳು ತಲೆಯನ್ನು ಒಳಗೇ ತಿಂದುಬಿಟ್ಟಿವೆ, ಇನ್ನೊಂದು ಪೆಟ್ಟು ಬಿದ್ದರೆ ಜೀವಕ್ಕೇ ಕುತ್ತು. ಎರಡನೆಯದು, ಇಂಥವರು ಕೆಲವರು ಹೊಡೆಯಲು ಶುರುಮಾಡುತ್ತಾರೆ. ಹಾಗಾದ ದಿನ ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಬೀಗ ಹಾಕುವ ವಾರ್ಡಿಗೆ ಸೇರಿಸಿ.

“ನಾನಿರೋವರೆಗೂ ಅವರು ಮನೇಲೇ ಇರ್ತಾರೆ,” ಎಂದಳು ಅಕ್ಕ. ಅವಳಿಗೆ ಬೇಕಿದ್ದದ್ದು ಅಷ್ಟೇ. ಮೇಜಿನ ಮೂಲೆಗಳಿಗೆ, ಬಾಗಿಲಿನ ಚೌಕಟ್ಟಿಗೆ ಹಳೇ ಕಂಬಳಿ ಸುತ್ತಿ ಹೊಲಿದಳು. ಸ್ನಾನದ ಮನೆಯಲ್ಲಿ ಅವರ ಬೆನ್ನ ಹಿಂದೆಯೇ ನಿಲ್ಲುತ್ತಿದ್ದಳು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು ಎಂದರೆ ತಪ್ಪಲ್ಲ. ಭಾವ ಅವಳನ್ನು “ಏನಮ್ಮಾ” ಎನ್ನುತ್ತಿದ್ದರು, ಬಾಡಿಗೆ ಮನೆಯ ಒಡತಿಯನ್ನು ಕರೆದ ಹಾಗೆ. ಹೆಂಡತಿ ಎಂದು ಗುರುತು ಹಿಡಿಯುವುದು ಯಾವತ್ತೋ ನಿಂತಿತ್ತು. ಅದರ ಬಗ್ಗೆ ಅಕ್ಕ ನನ್ನ ಮುಂದೆ ಬಾಯಿ ಬಿಡುತ್ತಿರಲಿಲ್ಲ.

ಕೈಯ ಪಟ್ಟಿ ಬಿಚ್ಚಿಸಿಕೊಂಡ ಮೇಲೆ ಟೈರ್ ಅಂಗಡಿಯವನು ನೆಟ್ಟಗೆ ಅಕ್ಕನ ಮನೆಗೇ ಹೋದ. ನಾನೂ ಅಲ್ಲೇ ಇದ್ದೆ. ಲೀಗ್ ಗೆದ್ದ ದಿನದ ನೆನಪಿಗೆ ಆಗ ಹಲಗೆ ಗುದ್ದಿ ಕೂಗುತ್ತಿದ್ದ ಹಳೇ ಹುಡುಗರೆಲ್ಲ ಸೇರುತ್ತೇವೆ, ಕಂಬನನ್ನು ನೋಡಿಕೊಂಡು ಹೋಗುತ್ತೇವೆ ಎಂದ.

“ಬೇಡ,” ಎಂದೆ ನಾನು.

ಅವನು ನನ್ನತ್ತ ನೋಡಲೂ ಇಲ್ಲ. “ಅತ್ತಿಗೆ, ನಮ್ಮಪ್ಪ ದಿನಾ ಬೆಲ್ಟಲ್ಲಿ ಹೊಡೀತಿದ್ದ. ಮೈಯೆಲ್ಲ ಬಾಸುಂಡೆ ಇಟ್ಕೊಂಡು ಆಟಕ್ಕೆ ಬರ್ತಿದ್ದೆ. ಇವ್ರು ಅಷ್ಟು ಏಟು ತಿಂದು ಎದ್ದು ನಿಲ್ತಿದ್ರಲ್ಲ, ಅದನ್ನ ನೋಡಿ ನಾನೂ ಮನೆಗೆ ವಾಪಸ್ ಹೋಗ್ತಿದ್ದೆ. ಚಿನ್ನದ ಕೈಯವನ್ನ ನೋಡಿ ಯಾವನೂ ಬದುಕಲಿಲ್ಲ. ಒಂದ್ಸಲ ಕಾಲು ಮುಟ್ಟಿ ಹೋಗ್ತೀವಿ.”

ಅಕ್ಕ ಕರಗಿದಳು. ಗಂಡನನ್ನು ನೆನೆಯುವವರು ಬೇರೆ ಯಾರಾದರೂ ಇದ್ದಾರೆ ಎನ್ನುವುದೇ ಅವಳಿಗೆ ಹೊಸದು. “ಬನ್ನಿ. ಆದ್ರೆ ಕೂಗೋ ಹಾಗಿಲ್ಲ, ಕಾಲು ಬಿಟ್ರೆ ಯಾರೂ ಅವರನ್ನ ಮುಟ್ಟೋ ಹಾಗಿಲ್ಲ. ಟೀ ಕುಡೀರಿ, ಹೊರಡಿ.” ಅವನು ತನ್ನ ಮಕ್ಕಳ ಮೇಲೆ ಆಣೆ ಇಟ್ಟ.

ಭಾನುವಾರ ಮಧ್ಯಾಹ್ನ ಬಂದರು. ಬ್ಯಾಟರಿ ಅಂಗಡಿಯವನೂ ಇದ್ದ, ಮುಂದಿನ ಹಲ್ಲಿಲ್ಲದೆ. ಎಲ್ಲರ ಮೈಮೇಲೂ ಕ್ಲಬ್ಬಿನ ಹಳೇ ನೀಲಿ ಬನಿಯನ್ನು, ಹೊಟ್ಟೆಯ ಮೇಲೆ ಹರಿಯುವ ಹಾಗೆ ಬಿಗಿದುಕೊಂಡಿತ್ತು. ಹಿತ್ತಲಿನ ಸಿಮೆಂಟು ಅಂಗಳದಲ್ಲಿ ಕುರ್ಚಿ ಹಾಕಿ ಭಾವನನ್ನು ಕೂರಿಸಿದ್ದೆವು. ಒಬ್ಬೊಬ್ಬರೇ ಬಂದು ಅವರ ಕಾಲು ಮುಟ್ಟಿದರು. ಭಾವ ಎಲ್ಲರನ್ನೂ ನೋಡಿ ಸುಮ್ಮನೆ ನಕ್ಕರು. ಅಷ್ಟಕ್ಕೇ ಮುಗಿದಿದ್ದರೆ ನಾನೂ ಅವರನ್ನು ಕ್ಷಮಿಸಿಬಿಡುತ್ತಿದ್ದೆ.

ಆಗ ಟೈರ್ ಅಂಗಡಿಯವನು ಹೊರಗೆ ಹೋಗಿ ಇನ್ನೊಬ್ಬನನ್ನು ಕರೆತಂದ. ಬಾಗಿಲಲ್ಲಿ ತಲೆ ತಗ್ಗಿಸಿ, ಓರೆಯಾಗಿ ನುಸುಳಿದಾಗಲೇ ನನಗೆ ಗುರುತು ಸಿಕ್ಕಿತು. ಲಾರಿ! ತಲೆ ಬೋಳಾಗಿತ್ತು, ಮಂಡಿಗಳಿಗೆ ಪಟ್ಟಿ ಸುತ್ತಿತ್ತು, ಗಾತ್ರ ಮಾತ್ರ ಹಾಗೇ ಇತ್ತು.

“ಕ್ಷಮಾಪಣೆ ಕೇಳೋಕೆ ಅಂತ ಬಂದೆ ಕಣಮ್ಮ,” ಎಂದ ಅಕ್ಕನಿಗೆ. ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಅವನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟೆಲ್ಲ ಆ ನೀಲಿ ಬನಿಯನ್ನಿನವರ ಮೇಲೆ. ಮನುಷ್ಯನ ಮೂಳೆ ಮುರಿದದ್ದೇ ಅವರ ಪಾಲಿಗೆ ಪ್ರೀತಿಯ ನೆನಪು. ಆ ನೆನಪನ್ನು ವಾಪಸ್ ಕೊಟ್ಟರೆ ಕಂಬನಿಗೂ ಖುಷಿಯಾಗುತ್ತದೆ ಎಂದು ಅವರು ಮನಸಾರೆ ನಂಬಿದ್ದರು. ಅಭಿಮಾನಿಗಳನ್ನು ಬಿಟ್ಟರೆ ಬೇರೆ ಯಾರಿಗೂ ಇಂಥ ಯೋಚನೆ ಬರುತ್ತಿರಲಿಲ್ಲ.

ಮೊದಲು ಕಾಲು ಬಡಿದವನು ಬ್ಯಾಟರಿ ಅಂಗಡಿಯವನು. ಮೆಲ್ಲಗೆ, ಹಿತ್ತಲಲ್ಲಿ ಬಿದ್ದಿದ್ದ ಹಲಗೆಯ ಮೇಲೆ. ಪಕ್ಕದವನು ಸೇರಿಕೊಂಡ. ಆಮೇಲೆ ಎಲ್ಲರೂ ಸೇರಿದರು.

“ನಿಲ್ಸ್ರೋ!” ಎಂದು ಕಿರುಚಿದೆ. ಅಕ್ಕ ನನ್ನ ಕೈ ಹಿಡಿದು ತಡೆದಳು. ಯಾಕೆಂದರೆ ಭಾವ ಎದ್ದು ನಿಂತಿದ್ದರು. ಬಗ್ಗಿ ಹೋಗಿದ್ದ ಬೆನ್ನು ನೆಟ್ಟಗಾಗಿತ್ತು. ಕಣ್ಣಲ್ಲಿ ಏನೋ ಇತ್ತು. ಖಾಲಿ ಮನೆಗೆ ಯಾರೋ ವಾಪಸ್ ಬಂದ ಹಾಗೆ. ಅಕ್ಕ ಅವರನ್ನೇ ನೋಡುತ್ತಿದ್ದಳು. ಇನ್ನೇನು ತನ್ನನ್ನೂ ಗುರುತು ಹಿಡಿಯುತ್ತಾರೆ ಎಂಬ ಆಸೆ ಅವಳ ಮುಖದಲ್ಲಿ ಢಾಳಾಗಿ ಕಾಣುತ್ತಿತ್ತು.

“ಒಂದೇ ಒಂದ್ಸಲ, ಲಾರಿ ಅಣ್ಣಾ,” ಎಂದು ಟೈರ್ ಅಂಗಡಿಯವನು ಅವನ ಬೆನ್ನು ತಟ್ಟಿದ. “ಹತ್ರ ಹೋಗಿ ನಿಂತ್ಬಿಡಿ, ತಬ್ಕೊಂಡ್ಬಿಡಿ. ಫೋಟೋ ತೆಗೀತೀವಿ.”

ಲಾರಿ ಮುಜುಗರದಿಂದ ನಕ್ಕ. ಕೈ ಚಾಚಿಕೊಂಡು ಕುಂಟುತ್ತಾ ಓಡತೊಡಗಿದ. ಭಾವ ಪಾದ ಊರಿದರು. ಕೈಗಳನ್ನು ಎದೆಗೆ ಕಟ್ಟಿದರು. “ಕಂಬ! ಕಂಬ!” ಎಂದು ಅಂಗಳವೇ ಹಾರಿಹೋಗುವ ಹಾಗೆ ಕೂಗು. ಅಂಗಳದ ನಡುವಿಗೆ ಬಂದಾಗ ಲಾರಿಯ ಬಲ ಮಂಡಿ ಕೈಕೊಟ್ಟಿತು. ನಿಲ್ಲಬೇಕೆಂದರೂ ಅವನಿಗೆ ನಿಲ್ಲಲಾಗಲಿಲ್ಲ. ಅಷ್ಟೂ ಮೈ ಮುಂದಕ್ಕೆ ಮುಗ್ಗರಿಸಿತು. ಭಾವನ ಹಿಂದೆ ಬರೀ ಸಿಮೆಂಟು.

ನನ್ನ ಕೈಯಲ್ಲಿದ್ದ ಅಕ್ಕನ ಕೈ ಯಾವಾಗ ಬಿಡಿಸಿಕೊಂಡಿತೋ ಗೊತ್ತಾಗಲಿಲ್ಲ. ಅವಳು ಹೋಗಿ ನಡುವೆ ನಿಂತಳು. ಕೂಗಲಿಲ್ಲ, ಕೈ ಅಡ್ಡ ಹಿಡಿಯಲಿಲ್ಲ, ಗಂಡನಿಗೆ ಬೆನ್ನು ಕೊಟ್ಟು ಸುಮ್ಮನೆ ನಿಂತಳು. ಲಾರಿ ಅವಳ ಮೇಲೆ ಅಡ್ಡವಾಗಿ ಬಿದ್ದ. ಅವಳು ಪಕ್ಕಕ್ಕೆ ಉರುಳಿದಳು, ಅವನು ಮೇಲೆ. ಸೊಂಟದ ಮೂಳೆ ಮುರಿದ ಸದ್ದು ನನಗೆ ಕೇಳಿತು. ಭಾವ ಅಲುಗದೆ ಹಾಗೇ ನಿಂತಿದ್ದರು, ಒಂದು ಗೀರೂ ಆಗಿರಲಿಲ್ಲ.

ಆಮೇಲೆ ಬಗ್ಗಿ ಅಕ್ಕನನ್ನು ನೋಡಿದರು. ಅವಳ ಬಾಯಲ್ಲಿ ರಕ್ತ ಇತ್ತು. ಲಾರಿ ಮೊಣಕೈ ಊರಿ ಏಳಲು ಒದ್ದಾಡುತ್ತಿದ್ದ. ಭಾವ ಅವನ ಕಾಲರು ಹಿಡಿದು ಎತ್ತಿ ಮೂಗಿನ ಮೇಲೆ ಗುದ್ದಿದರು. ಜೀವಮಾನದಲ್ಲಿ ಮೊದಲ ಸಲ. ಮತ್ತೆ ಗುದ್ದಿದರು, ಮತ್ತೆ. ಮೂಗು ಅಪ್ಪಚ್ಚಿಯಾಯಿತು, ತುಟಿ ಸೀಳಿತು. ಲಾರಿ ಕೈ ಎತ್ತಿ ತಡೆಯಲೂ ಇಲ್ಲ, “ಹೊಡಿ ಕಣೋ, ಹೊಡಿ,” ಎನ್ನುತ್ತಾ ಅಳುತ್ತಿದ್ದ. ಬಿಡಿಸಲು ಬಂದ ಟೈರ್ ಅಂಗಡಿಯವನ ಕಿವಿಯನ್ನು ಭಾವ ಕಚ್ಚಿ ಹರಿದರು. ಬ್ಯಾಟರಿ ಅಂಗಡಿಯವನು ಟೀ ಲೋಟಗಳ ಮೇಲೆ ಬಿದ್ದು ಅಂಗೈ ಕೊಯ್ದುಕೊಂಡ. ಕಂಬನ ಕಟ್ಟಾ ಅಭಿಮಾನಿಗಳೆಲ್ಲ ಸೇರಿ ಕಂಬನನ್ನು ನೆಲಕ್ಕೆ ಅದುಮಿ ಹಿಡಿದರು. ನಾನು ಭಾವನ ತಲೆಯ ಕೆಳಗೆ ನನ್ನ ಎರಡೂ ಕೈ ಕೊಟ್ಟು ಕೂತೆ.

ಅಕ್ಕನನ್ನು ನಮ್ಮ ನರ್ಸಿಂಗ್ ಹೋಮಿಗೇ ತಂದೆವು. ಸೊಂಟಕ್ಕೆ ಕಂಬಿ ಹಾಕಿದರು. ಇನ್ನು ಒಬ್ಬರನ್ನು ಎತ್ತಿ ಕೂರಿಸುವುದಿರಲಿ, ತಾನು ಎದ್ದು ನಡೆಯುವುದಕ್ಕೇ ಕೋಲು ಬೇಕು. ಭಾವನನ್ನು ಬೀಗ ಹಾಕುವ ವಾರ್ಡಿಗೆ ಕರೆದೊಯ್ದರು. ಹೊಡೆದಿದ್ದಾರೆ, ಕಚ್ಚಿದ್ದಾರೆ, ಡಾಕ್ಟರು ಬೇರೆ ಮಾತೇ ಆಡಲಿಲ್ಲ. ಕಂಬನ ತಲೆಗೆ ಪೆಟ್ಟಾಗಲಿಲ್ಲವಲ್ಲ ಎಂದು ಟೈರ್ ಅಂಗಡಿಯವನು ಕಿವಿಗೆ ಪಟ್ಟಿ ಕಟ್ಟಿಸಿಕೊಳ್ಳುತ್ತಾ ಸಮಾಧಾನ ಹೇಳಿದ. ಅವನ ಗಾಯಕ್ಕೆ ಟಿಂಚರನ್ನು ಕೊಂಚ ಜಾಸ್ತಿಯೇ ಸುರಿದೆ.

ಅಕ್ಕನಿಗೆ ಎಚ್ಚರವಾದ ಮೇಲೆ ಎಲ್ಲವನ್ನೂ ಹೇಳಬೇಕಾಯಿತು. ವಾರ್ಡಿನ ವಿಷಯ ಹೇಳಿದಾಗ ಕಣ್ಣು ಮುಚ್ಚಿಕೊಂಡಳು.

“ಯಾಕೆ ಹೋಗಿ ನಿಂತೆ? ನಿಂಗೇನು ತಲೆ ಕೆಟ್ಟಿತ್ತಾ?” ಎಂದು ಬೈದೆ. ಬೈಯದಿದ್ದರೆ ಅಲ್ಲೇ ಅಳುತ್ತಿದ್ದೆ.

“ಅವರು ಬಿದ್ದಿದ್ರೆ ಮುಗೀತಿತ್ತಲ್ಲೇ.” ಆಮೇಲೆ ಕೇಳಿದಳು, “ನನಗೆ ಏಟಾಯ್ತು ಅಂತಾನೇ ಅವನಿಗೆ ಹೊಡೆದ್ರಾ?”

“ಹೂಂ.”

“ನಾನು ಯಾರಂತ ಗೊತ್ತಾಯ್ತಾ ಅವರಿಗೆ? ಏನಾದ್ರೂ ಅಂದ್ರಾ? ಸುಳ್ಳು ಹೇಳ್ಬೇಡ, ನಿನ್ನ ಮುಖ ನಂಗೆ ಗೊತ್ತಾಗುತ್ತೆ.”

ಅಂದಿದ್ದರು. ಪ್ರತಿ ಗುದ್ದಿಗೂ ಒಂದೇ ಮಾತು ಅಂದಿದ್ದರು. ಅವಳು ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ.

“‘ನಮ್ಮ ಟೀಮಿನ ಹುಡುಗನ್ನ ಮುಟ್ತೀಯೇನೋ’ ಅಂತಿದ್ರು, ಅಕ್ಕಾ.”

ಅವಳ ತುಟಿಯ ಒಂದು ಕಡೆ ಮಾತ್ರ ನಕ್ಕಿತು, ಇನ್ನೊಂದು ಕಡೆ ಹೊಲಿಗೆ ಇತ್ತು.

“ಮದುವೆಯಾಗಿ ಇಷ್ಟು ವರ್ಷ ಆದ್ಮೇಲೆ,” ಎಂದಳು, “ಈಗ ನನ್ನ ಟೀಮಿಗೆ ಸೇರಿಸ್ಕೊಂಡ್ರು ನೋಡು.”

ಗೋಡೆಯ ಕಡೆ ತಿರುಗಲು ನೋಡಿದಳು, ಸೊಂಟ ಬಿಡಲಿಲ್ಲ. ನನ್ನ ಎದುರಿಗೇ ಅಳಬೇಕಾಯಿತು. ನಾನು ಮಂಚದ ಅಂಚಿನಲ್ಲಿ ಕೂತು ಅವಳ ಜೊತೆ ಅತ್ತೆ.