ದಸ್ತಗೀರ್ ಭಾಯ್ ಇಟ್ಟ ರುಮಾಲು

ಯಂತ್ರಕ್ಕೆ ಗಾಳಿ ಸೋಕಿದೆ ಎಂದು ಯಾರಾದರೂ ಹೇಳಿದರೆ, ನಾನು ಮೊದಲು ಅನುಮಾನಿಸುತ್ತಿದ್ದುದು ಹೇಳಿದವರನ್ನೇ. ಎಲ್ಲ ಎಡವಟ್ಟಿನ ಹಿಂದೆಯೂ ಒಬ್ಬ ಮನುಷ್ಯನ ಕೈ ಇರುತ್ತದೆ ಎಂದು ನಂಬಿದ್ದವನು ನಾನು. ಕೆಲವು ವರ್ಷಗಳ ಹಿಂದೆ, ಒಂದು ಭಾನುವಾರ ಮಧ್ಯಾಹ್ನ, ಆ ನಂಬಿಕೆ ಒಬ್ಬರ ಅನ್ನಕ್ಕೆ ಕಲ್ಲು ಹಾಕಿತು.

ಆಗ ನಾನು ಬೈಕುಲ್ಲಾದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಸರ್ವರ್ ನೋಡಿಕೊಳ್ಳುತ್ತಿದ್ದೆ. ನನಗಿಂತ ಮೊದಲು ಆ ಕೆಲಸದಲ್ಲಿದ್ದವರು ವಿಜಯಪುರದ ಕಡೆಯ ದಸ್ತಗೀರ್ ಭಾಯ್. ನಿವೃತ್ತರಾಗಿ ಜೋಗೇಶ್ವರಿಯ ಮನೆಯಲ್ಲಿದ್ದರು. ಭಾಂಡುಪ್‌ನಲ್ಲಿ ತೆರೆಯಲಿದ್ದ ಹೊಸ ಶಾಖೆಯ ಸರ್ವರನ್ನು ಅವರಿಗೇ ಒಪ್ಪಿಸುವುದೆಂದು ಮಾತಾಗಿತ್ತು. ಮನೆಯಲ್ಲಿ ದುಡಿಯುವವರು ಅವರೊಬ್ಬರೇ.

ಅವರದೊಂದು ಪದ್ಧತಿಯಿತ್ತು. ಡಿಸ್ಕಿನಲ್ಲಿ ಒಳಗೇನೂ ಇಲ್ಲದ ಒಂದು ದೊಡ್ಡ ಫೈಲ್ ಮಾಡಿ, ಅದಕ್ಕೆ ‘ರುಮಾಲು’ ಎಂದು ಹೆಸರಿಟ್ಟಿದ್ದರು. ಕೆಲಸ ಒಪ್ಪಿಸುವಾಗ, “ಲೋಕಲ್ ಟ್ರೇನ್‌ನ್ಯಾಗ ಸೀಟಿನ ಮ್ಯಾಲೆ ರುಮಾಲ ಒಗದು ಜಾಗಾ ಹಿಡೀತಾರಲ್ರಿ, ಹಂಗ ಇದು. ಡಿಸ್ಕ್ ತುಂಬಿದ್ರ ಇದನ್ನ ತಗೀರಿ, ಉಸರಾಡಾಕ ಜಾಗಾ ಸಿಗತೈತಿ” ಎಂದಿದ್ದರು. ನಾನು ನಕ್ಕಿದ್ದೆ.

ಆ ಭಾನುವಾರ ಸೆಂಟರಿಗೆ ರಜೆ. ಡಿಸ್ಕ್ ಹೆಚ್ಚುಕಡಿಮೆ ತುಂಬಿತ್ತು. ರುಮಾಲನ್ನು ಅಳಿಸಿದೆ, ಹೊಸ ಡಿಸ್ಕ್ ಜೋಡಿಸಿ ಹಳೆಯ ಜಾಗವನ್ನು ಅದರೊಳಕ್ಕೆ ವಿಸ್ತರಿಸಿದೆ. ಪರೀಕ್ಷಿಸಿದರೆ ಅರ್ಧಕ್ಕರ್ಧ ಖಾಲಿ. ಕೆಳಗೆ ಹೋಗಿ ಚಹಾ ಕುಡಿದು ಬಂದು ಮತ್ತೆ ನೋಡಿದೆ. ಖಾಲಿ ಜಾಗ ಕಡಿಮೆಯಾಗಿತ್ತು. ರುಮಾಲು ಮೊದಲಿನ ಗಾತ್ರದಲ್ಲೇ ಮತ್ತೆ ಕುಳಿತಿತ್ತು. ಅದರ ಒಡೆಯನ ಹೆಸರು ದಸ್ತಗೀರ್ ಭಾಯ್‌ದು. ಆ ಹೆಸರಿನ ಖಾತೆಯನ್ನು ನಾನೇ ಎಂದೋ ತೆಗೆದುಹಾಕಿದ್ದೆ.

ನನಗೆ ಮೈಯೆಲ್ಲ ಉರಿಯಿತು. ಮುದುಕ ಮನೆಯಿಂದಲೇ ಸರ್ವರಿನೊಳಗೆ ನುಗ್ಗಲು ಒಂದು ಕಳ್ಳದಾರಿ ಇಟ್ಟುಕೊಂಡಿದ್ದಾನೆ ಎಂದುಕೊಂಡು ಫೋನ್ ಮಾಡಿದೆ. ರುಮಾಲು ಮತ್ತೆ ಹೇಗೆ ಬಂತು ಎಂದು ಕೇಳುತ್ತಿದ್ದಂತೆ, “ನಾ ಏನೂ ಮಾಡಿಲ್ರಿ” ಎಂದುಬಿಟ್ಟರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನಿಸಿತು ನನಗೆ.

“ಚಾವಿ ನಿಮ್ಮ ಕೈಯಾಗ ಕೊಟ್ಟ ಬಂದೀನ್ರಿ ಸರ್” ಎಂದರು ಆಮೇಲೆ. “ಈ ವಯಸ್ಸಿನ್ಯಾಗ ನನ್ನ ಮ್ಯಾಲೆ ಸಂಶೇ ಏನ್ರಿ?”

ಫೋನ್ ಇಟ್ಟೆ. ಕೂಡಲೇ ಮ್ಯಾನೇಜರಿಗೂ ಫೋನ್ ಮಾಡಿ ದೂರು ಹೇಳಿದೆ. ಭಾಂಡುಪ್ ಕೆಲಸ ಅವರ ಕೈತಪ್ಪಿತು. ಐದು ನಿಮಿಷವೂ ಹಿಡಿಯಲಿಲ್ಲ.

ನೆಟ್‌ವರ್ಕ್ ಕೇಬಲ್ ಕೀಳಬೇಕೆಂದು ಹೊಳೆದದ್ದು ಅದಾದ ಮೇಲೆ! ಕಿತ್ತೆ. ತಾನಾಗಿ ನಡೆಯುವ ಕೆಲಸಗಳ ಪಟ್ಟಿಯನ್ನು ಒಂದೊಂದಾಗಿ ತಪಾಸಿಸಿದೆ, ಅಲ್ಲೇನೂ ಇರಲಿಲ್ಲ. ರುಮಾಲನ್ನು ಮತ್ತೆ ಅಳಿಸಿ, ಬಾಗಿಲಿಗೆ ಚಿಲಕ ಹಾಕಿ, ಕಿತ್ತ ಕೇಬಲನ್ನು ಕೈಯಲ್ಲೇ ಹಿಡಿದು ಕೂತೆ. ಸ್ವಲ್ಪ ಹೊತ್ತಿಗೆ ಅದು ಮತ್ತೆ ಬಂದಿತ್ತು. ಅದೇ ಗಾತ್ರ, ಅದೇ ಹೆಸರು.

ಮರುದಿನ ಮ್ಯಾನೇಜರಿಗೆ ನಿಜ ಹೇಳಿದೆ. “ಕೇಬಲ್ ಇಲ್ಲದೆ ಫೈಲ್ ಬಂತಾ? ಜಾಕೇ ಸೋ ಜಾ ಭಾಯ್, ಹೋಗಿ ಮಲಗು” ಎಂದು ನಕ್ಕರು. ಭಾಂಡುಪ್ ನಿರ್ಧಾರ ಬದಲಾಗಲಿಲ್ಲ. ದಸ್ತಗೀರ್ ಭಾಯ್ ಆಮೇಲೆ ನನ್ನ ಫೋನ್ ಎತ್ತಲಿಲ್ಲ. ಜೋಗೇಶ್ವರಿಗೂ ಹೋದೆ, ಮನೆಗೆ ಬೀಗ, ಊರಿಗೆ ಹೋದರೆಂದರು ನೆರೆಯವರು.

ಇದಕ್ಕೆ ಕಾರಣ ನನಗೆ ಇಂದಿಗೂ ತಿಳಿದಿಲ್ಲ. ಆ ಸರ್ವರ್ ಬದಲಾಗುವವರೆಗೂ ಎಷ್ಟೋ ಸಲ ಜಾಗ ಸಾಲದೆ ಪರದಾಡಿದೆ. ಆದರೂ ಆ ರುಮಾಲನ್ನು ಮಾತ್ರ ಮುಟ್ಟಲಿಲ್ಲ. ಅವರ ಜಾಗವನ್ನು ಒಮ್ಮೆ ಕಿತ್ತುಕೊಂಡದ್ದೇ ಸಾಕಾಗಿತ್ತು.