ಹಡಪಸರದಲ್ಲಿ ಪರದೆಯ ಹಿಂದಿನ ಕೈಗಳು

ಭಾನುವಾರ ಬೆಳಿಗ್ಗೆ ದೌಂಡ ಸ್ಟೇಷನ್ನಿಗೆ ಪುಣೆಯ ಪ್ಯಾಸೆಂಜರ್ ಗಾಡಿ ಇಪ್ಪತ್ತು ನಿಮಿಷ ತಡವಾಗಿ ಬಂತು. ಹಡಪಸರಕ್ಕೆ ತಲೆಗೆ ಇಪ್ಪತ್ತು ರೂಪಾಯಿ. ಕಾಯುತ್ತಾ ನಿಂತಾಗ ಜೇಬಿನೊಳಗೆ ಬಲಗೈ ಹಾಕಿ, ಸಿಕ್ಕ ನಾಣ್ಯ ಎರಡರದೋ ಐದರದೋ ಎಂದು ಮುಟ್ಟಿಯೇ ಹೇಳಲು ನೋಡಿದೆ. ತಿಳಿಯಲಿಲ್ಲ. ಹೊರಗೆ ತೆಗೆದು ನೋಡಿದರೆ ಒಂದರದು.

ನಾನು ಗೌಂಡಿ, ಗೋಡೆ ಕೆಲಸದವನು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟು ಯಾದಗಿರಿ ಕಡೆಯಿಂದ ಬಂದವನು. ನಾನು ಸಿಮೆಂಟು ಬಳಿದು ಗಿಲಾವು ಮಾಡಿದ ಗೋಡೆಗೆ ಯಾವ ಇಂಜಿನಿಯರು ಪಟ್ಟಿ ಹಿಡಿದು ನೋಡಿದರೂ ಸಂದಿನಲ್ಲಿ ಬೆಳಕು ತೂರುವುದಿಲ್ಲ. ಗೋಡೆ ಒಣಗಿದ ಮೇಲೆ ಕಣ್ಣು ಮುಚ್ಚಿಕೊಂಡು ಕೈ ಸವರುತ್ತಾ ಹೋಗುತ್ತೇನೆ. ಕಣ್ಣಿಗೆ ಕಾಣದ ಉಬ್ಬು ಬೆರಳಿಗೆ ಸಿಗುತ್ತದೆ. ಸಿಗುತ್ತಿತ್ತು ಎನ್ನಬೇಕು. ದೀಪಾವಳಿಯಿಂದೀಚೆಗೆ ಬಲಗೈ ಬೆರಳ ತುದಿಗಳು ಸತ್ತ ಹಾಗಾಗಿದ್ದವು. ಯಾರಿಗೂ ಹೇಳಿರಲಿಲ್ಲ, ಜೊತೆಯಲ್ಲೇ ಕಲಸಿದ ಸಿಮೆಂಟಿನ ಮಾಲು ಹೊರುವ ಹೆಂಡತಿ ನಾಗಮ್ಮನಿಗೂ. ಸೋಮವಾರದಿಂದ ಪುಣೆಯ ಖರಾಡಿಯಲ್ಲಿ ಎಂಟು ಮಹಡಿಯ ಗಿಲಾವು ನನ್ನದಿತ್ತು. ನನ್ನ ಕೈಯನ್ನು ನಂಬಿ ಕೊಟ್ಟ ಕೆಲಸ ಅದು.

ಹಡಪಸರಕ್ಕೆ ಹೊರಟದ್ದು ವಿದ್ಯಾ ಎಂಬ ಹುಡುಗಿಯ ಮಾತಿನಿಂದ. ಧಾರವಾಡ ಕಡೆಯವಳು, ಕಲಾವಿದೆ. ತಿಂಗಳ ಹಿಂದೆ ದೌಂಡದಲ್ಲಿ ನಾವು ಕೆಲಸ ಮಾಡುತ್ತಿದ್ದಲ್ಲಿಗೆ ಬಂದಿದ್ದಳು. ಹಳೆಯ ಗೋದಾಮಿನಲ್ಲಿ ಒಂದು ಪ್ರದರ್ಶನವಂತೆ. ಅಲ್ಲಿ ನೋಡುವುದು ಏನೂ ಇಲ್ಲ, ಬರೀ ಮುಟ್ಟುವುದು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಪರದೆಯಿಂದ ಹೊರಚಾಚಿದ ಕೈಗಳಲ್ಲಿ ನಮ್ಮವರ ಕೈ ಹುಡುಕಬೇಕು. “ಮೂವತ್ತು ವರ್ಷದ ಹೇಣ್ತಿ. ಹತ್ತಲ್ಲ, ನೂರು ಕೈ ಇಡ್ರಿ, ಹುಡುಕ್ತೀನಿ” ಎಂದು ಎಲ್ಲರೆದುರು ಹೇಳಿಬಿಟ್ಟಿದ್ದೆ. ಆಡಿದ ಮೇಲೆ ಹಿಂದೆ ಸರಿಯುವ ಜಾತಿ ನಾನಲ್ಲ. ಒಳಗೊಳಗೇ ಇನ್ನೊಂದು ಲೆಕ್ಕವೂ ಇತ್ತು. ನಾಗಮ್ಮನ ಕೈ ಸಿಕ್ಕಿದರೆ ಖರಾಡಿಗೆ ಹೋಗುವುದು. ಸಿಗದಿದ್ದರೆ ಗುತ್ತಿಗೆದಾರನಿಗೆ ಫೋನು ಮಾಡಿ ಬೇರೆಯವರನ್ನು ನೋಡಿಕೊಳ್ಳಿ ಎನ್ನುವುದು.

ಕೇಡಗಾಂವ, ಯವತ ದಾಟುವವರೆಗೆ ಕೂತಲ್ಲಿ ಕೂರಲಾಗಲಿಲ್ಲ. ಬಾಗಿಲಿಗೆ ಹೋಗುವುದು, ಕಬ್ಬಿನ ಗದ್ದೆ ನೋಡುವುದು, ಮತ್ತೆ ಬರುವುದು.

“ಕುಂದರ್ರಿ” ಎಂದಳು ನಾಗಮ್ಮ. “ಗಾಡಿ ನೀವು ದಬ್ಬೂದು ಬ್ಯಾಡ. ತಾನ ಹೋಗ್ತದ.”

ಉರುಳಿ ಸ್ಟೇಷನ್ನಿನಲ್ಲಿ ಚಹಾದವನು ಬಂದ. ನಾನು ಕೈಚಾಚುವ ಮೊದಲೇ ಅವಳು ಎರಡೂ ಕಪ್ಪು ತೆಗೆದುಕೊಂಡು, ಆರಿದ ಮೇಲೆ ನನ್ನದನ್ನು ಕೊಟ್ಟಳು.

“ನಾ ಏನ್ ಕೂಸೇನ?”

“ಕುಡೀರಿ ಸುಮ್ಕ.”

ಹಡಪಸರದಲ್ಲಿ ಇಳಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ರಿಕ್ಷಾದವನು ಎಂಬತ್ತು ಕೇಳಿದ, ಅರವತ್ತಕ್ಕೆ ಬಂದ. ಅರ್ಧ ದಾರಿಗೇ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡೆವು. ತಡೆಯಲಾರದೆ ಇಳಿದು ನಡೆಯತೊಡಗಿದೆ. ಹಿಂದಿನಿಂದ ನಾಗಮ್ಮ ಕೂಗಿದಳು: “ನನ್ನ ಇಲ್ಲೇ ಬಿಟ್ಟು ಹೋದ್ರ ಅಲ್ಲಿ ಯಾರ ಕೈ ಹುಡುಕ್ತೀರಿ?”

ಗೋದಾಮಿನ ನಡುವೆ ದಪ್ಪನೆಯ ಕರಿ ಪರದೆ, ಅದರಲ್ಲಿ ಸಾಲಾಗಿ ಸೀಳುಗಳು. ನಮ್ಮಂಥ ಒಂಬತ್ತು ಜೋಡಿ ಸೇರಿದ್ದವು. ಬಳೆಯಿಂದ ಗುರುತು ಸಿಗಬಾರದೆಂದು ವಿದ್ಯಾ ಹೇಳಿದಾಗ ನಾಗಮ್ಮ ಎರಡೂ ಕೈ ಹಿಂದಕ್ಕೆಳೆದುಕೊಂಡಳು. “ಗಂಡ ಎದುರಿಗೆ ನಿಂತಾನ. ನಾ ಬಳಿ ತಗಿಯಂಗಿಲ್ಲವ್ವ.”

“ತಗೀಬ್ಯಾಡ್ರಿ ಅಕ್ಕಾರ, ಮ್ಯಾಲೆ ಬಟ್ಟಿ ಸುತ್ತೂಣು” ಎಂದು ವಿದ್ಯಾ ಎಲ್ಲ ಹೆಂಗಸರ ಮುಂಗೈಗೂ ಬಟ್ಟೆ ಸುತ್ತಿದಳು.

ನನ್ನ ಸರದಿ ಬಂತು. ಕಣ್ಣಿಗೆ ಬಟ್ಟೆ. ಮೊದಲ ಕೈ ಹಿಡಿದೆ, ಎರಡನೆಯದು, ಮೂರನೆಯದು. ಬೆರಳು ಏನೂ ಹೇಳಲಿಲ್ಲ. ಎಲ್ಲವೂ ಒಂದೇ. ಎಡಗೈಯಿಂದಲೂ ಮುಟ್ಟಬಹುದಿತ್ತು; ಆದರೆ ಅದು ನನಗೆ ನಾನೇ ಮೋಸ ಮಾಡಿಕೊಂಡಂತೆ. ಐದನೆಯ ಕೈ ಅಂಗೈಗೆ ಒರಟಾಗಿ ತಾಗಿತು. “ಇದ!” ಎಂದೆ ಜೋರಾಗಿ.

ಪರದೆ ಸರಿಯಿತು. ತರಕಾರಿ ಮಾರುವ ಮರಾಠಿ ಹೆಂಗಸೊಬ್ಬಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. “ಕಾಯ್ ಹೋ ದಾದಾ, ಚಲೂ ಕಾ ತುಮಚ್ಯಾ ಘರೀ?” ನಿಮ್ಮ ಮನೆಗೆ ನಡೆಯಲೇ ಎಂದು. ಗೋದಾಮೆಲ್ಲ ನಕ್ಕಿತು. ನಾಗಮ್ಮ ಎಂಟನೆಯವಳಾಗಿದ್ದಳು. ಅವಳು ಮಾತ್ರ ನಗಲಿಲ್ಲ.

ಆಮೇಲೆ ಗಂಡಸರು ಪರದೆಯ ಹಿಂದೆ ನಿಂತೆವು. ಆಚೆ ನಾಗಮ್ಮನ ಸರದಿ ಎಂದು ವಿದ್ಯಾ ಕೂಗಿದಳು. ಪಕ್ಕದವನು “ಆಯ್!” ಎಂದು ಕೈ ಎಳೆದುಕೊಂಡ. ನನ್ನ ಬಲಗೈಯನ್ನು ಯಾರೋ ಹಿಡಿದರು, ಒಂದು ಗಳಿಗೆ ಹಾಗೇ ಇದ್ದರು. “ಇದು ನಮ್ಮನಿಯವರ್ದು” ಎಂಬ ದನಿ ಕೇಳಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಹೇಗೆ ತಿಳಿಯಿತೆಂದು ವಿದ್ಯಾ ಕೇಳಿದರೆ, “ತಿಳೀತು, ಅಷ್ಟ” ಎಂದಳು.

ಹತ್ತು ರೂಪಾಯಿಯ ವಡಾಪಾವ್ ತಿಂದು, ಸಂಜೆಯ ಗಾಡಿಗೆ ಹಡಪಸರ ಸ್ಟೇಷನ್ನಿನಲ್ಲಿ ಕಾಯುತ್ತಿದ್ದಾಗ ನಾನೇ ಕೇಳಿದೆ. “ಖರೇನ ಹೇಳು. ಹ್ಯಾಂಗ ಗುರ್ತು ಹಿಡದಿ?”

ಅವಳು ಹಳಿಯ ಕಡೆ ನೋಡುತ್ತಾ ಹೇಳಿದಳು: “ಎಲ್ಲಾರ ಬೆರಳ ತುದಿಗಿ ಉಗುರು ಒತ್ತಿದೆ. ಎಲ್ಲಾರೂ ಕೈ ಎಳಕೊಂಡ್ರು. ನೀವು ಎಳಕೊಳ್ಳಲಿಲ್ಲ.”

ಬಲಗೈ ಬೆರಳುಗಳನ್ನು ತಿರುವಿ ನೋಡಿಕೊಂಡೆ. “ಯಾವಾಗಿಂದ ಗೊತ್ತು?”

“ಸಂಕ್ರಾಂತಿಗಿ. ಕಾದ ಹಂಚು ಬರೀ ಬೆರಳಿಲೆ ಸರಿಸಿದ್ರಿ. ಬೊಬ್ಬಿ ಬಂತು, ನಿಮಗ ಖಬರ ಇಲ್ಲ.”

“ಕೇಳಬಾರದೇನ?”

“ನೀವ ಹೇಳ್ತೀರಂತ ದಾರಿ ನೋಡಿದೆ.”

ಜೇಬಿನಿಂದ ಫೋನು ತೆಗೆದೆ. “ಖರಾಡಿ ಕೆಲಸ ಬ್ಯಾಡಂತ ಹೇಳ್ತೀನಿ.”

“ಯಾಕ? ನಾಳೆ ಮುಂಜಾನಿ ದವಾಖಾನಿ, ಆಮ್ಯಾಗ ಖರಾಡಿ. ಗಿಲಾವು ಬಳಿಯೋ ತಾಪಿ ನೀವು ಹಿಡೀರಿ. ಗ್ವಾಡಿ ನಾ ಮುಟ್ಟಿ ನೋಡ್ತೀನಿ.”

“ಮಾಲು ಹೊರೂದಲ್ಲ ಅದು. ಉಬ್ಬು ನಿನಗ ತಿಳೀತದೇನ?”

ಅವಳು ಎದ್ದಳು. ಹಿಂದಿದ್ದ ಗೋಡೆಗೆ ಅಂಗೈ ಇಟ್ಟು, ನನ್ನ ಹಾಗೇ ಕಣ್ಣು ಮುಚ್ಚಿ, ಎಡದಿಂದ ಬಲಕ್ಕೆ ನಿಧಾನ ಸವರುತ್ತಾ ಹೋದಳು. ಮೂರು ಹೆಜ್ಜೆಗೆ ನಿಂತಳು. “ಇಲ್ಲಿ ಅದ.”

ನನಗೇನೂ ಕಾಣಲಿಲ್ಲ. ಬೆರಳಿಟ್ಟೆ, ಅದೂ ಏನೂ ಹೇಳಲಿಲ್ಲ. ಫೋನನ್ನು ಜೇಬಿಗೆ ಹಾಕಿ, ಗೋಡೆಗೆ ಕೆನ್ನೆ ತಾಗಿಸಿ ಓರೆಯಾಗಿ ನೋಡಿದೆ. ಕೂದಲೆಳೆಯಷ್ಟು ಉಬ್ಬು. ಇತ್ತು.

ಗಾಡಿ ಬಂತು. ಹತ್ತಿ ಕಿಟಕಿಯ ಬಳಿ ಕೂತು ತಿರುಗಿ ನೋಡಿದೆ. ಇಳಿಬಿಸಿಲು ಗೋಡೆಯ ಮೇಲೆ ಅಡ್ಡಲಾಗಿ ಬೀಳುತ್ತಿತ್ತು. ಅವಳು ತೋರಿಸಿದ ಜಾಗದಲ್ಲಿ ಅಂಗೈಯಗಲದ ನೆರಳು ಅಷ್ಟು ದೂರಕ್ಕೂ ಕಾಣುತ್ತಿತ್ತು.