ಕರಿ ಎರಡರ ನಡುಕ

೧೯೭೯ರಲ್ಲಿ ನಾನು ಓದು ನಿಲ್ಲಿಸಿದೆ. ಏಳನೆಯ ತರಗತಿ ಮುಗಿದಿತ್ತು, ಎಂಟಕ್ಕೆ ಹೋಗಲಿಲ್ಲ. ಧಾರವಾಡದಲ್ಲಿ ಹಾರ್ಮೋನಿಯಂ ರಿಪೇರಿ ಕಲಿತು, ಮುಂದೆ ಕರೋಲ್ ಬಾಗಿಗೆ ಬಂದು ಅದೇ ಕೆಲಸದಲ್ಲಿ ಸ್ವಂತ ಅಂಗಡಿ ಹಾಕಿದೆ. ನಾನು ಶ್ರುತಿ ಮಾಡಿದ ಪೆಟ್ಟಿಗೆ ತಿರುಗಿ ಬಂದದ್ದಿಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದೆ, ಇಲ್ಲಿಗೆ ಮೆಟ್ರೊ ಬಂದ ಮೇಲಿನ ಒಂದು ಚಳಿಗಾಲದವರೆಗೆ.

ಆಗ ಬಂದವರು ಇಬ್ಬರು. ಹುಡುಗಿ ಮಯೂರ್ ವಿಹಾರದಲ್ಲಿ ಬೆಳೆದ ನಮ್ಮ ಕಡೆಯವಳು. ಹುಡುಗ ಮೈಸೂರಿನವನು, ಗುರ್ಗಾಂವ್‌ನಲ್ಲಿ ಆಫೀಸು. ಇಬ್ಬರೇ ಸೇರಿ ಹಾಡು ಕಟ್ಟಿ ತಾವೇ ಹಾಡುತ್ತಿದ್ದರು. ಅವನ ಹೆಗಲಿಗೆ ಬ್ಯಾಂಜೊ, ಅವಳ ಕೈಯಲ್ಲಿ ಅಜ್ಜಿಯ ಹಳೆಯ ಹಾರ್ಮೋನಿಯಂ. ಅದರ ತಿದಿ ಹರಿದು ಗಾಳಿ ಸೋರುತ್ತಿತ್ತು. ಭಾನುವಾರ ಕಾರ್ಯಕ್ರಮವಿದೆ, ಅಷ್ಟರೊಳಗೆ ಹೊಸ ತಿದಿ ಹಾಕಿಕೊಡಿ ಎಂದರು. ಎಂಥ ಹಾಡು ಎಂದು ಕೇಳಿದೆ. ಸೋಬಾನೆ ಪದದ ಧಾಟಿ, ಅಮೆರಿಕದ ಹಳ್ಳಿಗಾಡಿನ ಬ್ಯಾಂಜೊ, ಅದರ ಮೇಲೆ ಪಾಪ್ ಎಂದು ಹುಡುಗ ವಿವರಿಸಿದ. ನನಗೆ ತಲೆಬುಡ ತಿಳಿಯಲಿಲ್ಲ. ರಾಗ ಯಾವುದು ಎಂದರೆ ಅದೆಲ್ಲ ಗೊತ್ತಿಲ್ಲ ಎಂದರು.

ತಿದಿ ಕೂಡಿಸಿ ನುಡಿಸಿ ನೋಡಿದಾಗ ಕರಿ ಎರಡರ ಮನೆ, ಅಂದರೆ ಎರಡನೆಯ ಕಪ್ಪು ಕೀಲಿಯ ಸ್ವರ, ನಡುಗಿತು. ಒಂದೊಂದು ಮನೆಗೆ ಎರಡು ಹಿತ್ತಾಳೆ ರೀಡು. ಅವುಗಳಲ್ಲಿ ಒಂದರ ಶ್ರುತಿ ಕೂದಲೆಳೆಯಷ್ಟು ಇಳಿದಿತ್ತು. ಸರಿಮಾಡು ಎಂದು ಯಾರೂ ಹೇಳಿರಲಿಲ್ಲ. ಆದರೆ ಅಂಥ ಪೆಟ್ಟಿಗೆ ನನ್ನ ಅಂಗಡಿಯಿಂದ ಹೊರಬಿದ್ದರೆ ನನ್ನ ಮರ್ಯಾದೆ ಏನಾಗಬೇಕು? ರೀಡಿನ ತುದಿ ಕೆರೆದು ಎರಡನ್ನೂ ಒಂದು ಮಾಡಿದೆ.

ಶನಿವಾರ ಬಂದವಳು ಮೊದಲು ಅದೇ ಮನೆ ಒತ್ತಿದಳು. ಮತ್ತೆ ಒತ್ತಿದಳು.

"ಅಂಕಲ್, ಇದು ಅಲುಗ್ತಿತ್ತಲ್ಲ?"

"ದೋಷ ಅದು. ತೆಗೆದೆ."

"ನಮ್ಮ ಪೂರಾ ಗಾನಾ ಅದರ ಮೇಲೇ ಇದೆ."

ನಾಳೆ ಬೇರೆ ಹಾಡು ಹಾಡಿದರಾಯಿತು ಎಂದು ಹುಡುಗ ಸಮಾಧಾನ ಹೇಳಿದ. ಅವಳು ಕೇಳಲಿಲ್ಲ. ಮೊದಲಿನ ಹಾಗೇ ಮಾಡಿಕೊಡಿ ಎಂದು ಕೂತಳು.

"ನಾನು ಸರಿ ಮಾಡೋನು ಕಣಮ್ಮ, ಕೆಡಿಸೋನಲ್ಲ."

"ಒಂದು ಸಲ ಕೇಳಿ ಸರ್, ಆಮೇಲೆ ಬೈಯಿರಿ," ಎಂದು ಹುಡುಗ ತಾವು ರೆಕಾರ್ಡ್ ಮಾಡಿಕೊಂಡದ್ದನ್ನು ಹಾಕಿ ಇಯರ್‌ಫೋನ್ ನನ್ನ ಕಿವಿಗೆ ಸಿಕ್ಕಿಸಿದ.

ಬೈಯಬೇಕೆಂದೇ ಕೇಳತೊಡಗಿದೆ. ಸ್ವರ ಉಬ್ಬಿತು, ಇಳಿಯಿತು, ಮತ್ತೆ ಉಬ್ಬಿತು. ಪ್ರತಿ ಉಬ್ಬಿಗೆ ಬ್ಯಾಂಜೊದ ಒಂದು ಮೀಟು. ಇಳಿತಗಳಲ್ಲಿ ಅವಳ ಮಾತು. ತಾಳ ಹಿಡಿಯುತ್ತಿದ್ದದ್ದು ಆ ನಡುಕವೇ! ಅಜ್ಜಿಯ ಪೆಟ್ಟಿಗೆಯ ದೋಷವನ್ನು ಇವರು ಅಳೆದು, ಅದರ ಲೆಕ್ಕಕ್ಕೆ ಸರಿಯಾಗಿ ಹಾಡು ಕೂರಿಸಿದ್ದರು. ಅಂದರೆ ಇದೂ ಕೆಲಸವೇ, ನನ್ನ ಕೆಲಸದಷ್ಟೇ ಸೂಕ್ಷ್ಮದ್ದು. ಇನ್ನೆರಡು ಸಲ ಹಾಕಿಸಿಕೊಂಡು ಕೇಳಿದೆ.

ಅರ ತೆಗೆದುಕೊಂಡು ರೀಡಿನ ಬುಡ ಕೆರೆದೆ. ನಡುಕ ಬಂತು, ಆದರೆ ಬಹಳ ಬೇಗ ಬೇಗ. ಹುಡುಗ ಬ್ಯಾಂಜೊ ಮೀಟಿ, ಕೂಡುತ್ತಿಲ್ಲ ಎಂದು ತಲೆಯಾಡಿಸಿದ. ತುದಿ ಕೆರೆದು ಏರಿಸಿದೆ, ನಡುಕವೇ ಹೋಯಿತು. ಸರಿಮಾಡಲು ಕಾಲು ಗಂಟೆ ಸಾಕಾಗಿತ್ತು, ಕೆಡಿಸಲು ಮಧ್ಯಾಹ್ನವೆಲ್ಲ ಹಿಡಿಯಿತು. ನಾಲ್ಕನೆಯ ಸಲ ಉಬ್ಬು, ಮೀಟು ಎರಡೂ ಕೂಡಿದವು. ಅವಳು ನನ್ನತ್ತ ನೋಡಲೂ ಇಲ್ಲ, ಹಾಡಲು ಶುರುಮಾಡಿದಳು. ಪಕ್ಕದ ಅಂಗಡಿಯವನು ಬಂದು ಬಾಗಿಲಲ್ಲಿ ನಿಂತ.

ಆಮೇಲಿಂದ ಯಾವ ಪೆಟ್ಟಿಗೆ ಬಂದರೂ, ನಿಮ್ಮ ಹಾಡು ನುಡಿಸಿ ತೋರಿಸಿ ಎಂದು ಹೇಳಿ, ಅದನ್ನು ಕೇಳಿದ ಮೇಲೆಯೇ ಮುಚ್ಚಳ ಬಿಚ್ಚುತ್ತೇನೆ. ಈಗ ನನಗೆ ಅಂಗಡಿ ಒಂದು, ಕೆಲಸಗಾರರು ಇಬ್ಬರು, ಅರ ಒಂಬತ್ತು, ಆ ಜೋಡಿ ತಂದುಕೊಟ್ಟ ಸಿ.ಡಿ. ಎರಡು.